ಶಿಶುವಿನ ಅಸ್ಥಿಭಂಗವೂ ದಾದಿಯ ಕಣ್ಣೂ

ಬಲಿತ ಮನುಷ್ಯನೊಬ್ಬನು ಜಾರಿ ಬಿದ್ದು ಮೂಳೆ ಮುರಿದುಕೊಂಡಲ್ಲಿ, ಎಲ್ಲಿ ಬಿದ್ದೆ, ಹೇಗೆ ಬಿದ್ದೆ, ಯಾವ ಠಾವಿನಲ್ಲಿ ನೋಯುತ್ತಿದೆ ಎಂಬ ಪ್ರಶ್ನೆಗಳಿಗೆಲ್ಲ ತಾನೇ ಉತ್ತರ ಹೇಳಬಲ್ಲನಾದ್ದರಿಂದ, ವೈದ್ಯನ ಕೆಲಸದಲ್ಲಿ ಅರ್ಧಪಾಲು ರೋಗಿಯ ಬಾಯಿಂದಲೇ ಮುಗಿದುಹೋಗುತ್ತದೆ. ಹಸುಗೂಸಿಗೆ ಈ ಅನುಕೂಲವಿಲ್ಲ. ಅದು ಹಸಿವಿಗೂ ಅಳುತ್ತದೆ, ಹೊಟ್ಟೆನೋವಿಗೂ ಅಳುತ್ತದೆ, ನಿದ್ದೆ ಕೆಟ್ಟರೂ ಅಳುತ್ತದೆ. ಮೂಳೆ ಮುರಿದಾಗಲೂ ಅದಕ್ಕೆ ಅಳುವೊಂದೇ ಗತಿ. ಅದರ ಎಲುಬೋ ಇನ್ನೂ ಪೂರ್ತಿ ಗಟ್ಟಿಯಾಗದ ಎಳೆಯ ಎಲುಬು. ಹಸಿಕಡ್ಡಿಯನ್ನು ಬಗ್ಗಿಸಿದರೆ ಒಂದು ಪಕ್ಕದ ನಾರು ಹರಿದು ಇನ್ನೊಂದು ಪಕ್ಕ ಬಾಗಿಯೇ ನಿಲ್ಲುವಂತೆ, ಅದೂ ಅನೇಕ ವೇಳೆ ಎರಡು ತುಂಡಾಗದೆ ಅರೆಮುರಿದು ನಿಲ್ಲುವುದರಿಂದ, ಕೈಕಾಲು ಸೊಟ್ಟಗಾಗುವ, ಊದಿ ನೀಲಿಗಟ್ಟುವ ಸ್ಪಷ್ಟ ಚಿಹ್ನೆಗಳು ಸಹ ಕೆಲವೊಮ್ಮೆ ಕಾಣಸಿಗವು. ಇಂಥ ಮುರಿತವನ್ನು ಜನರು ಯಾವ ಕಾಲದಲ್ಲಿ ಹೇಗೆ ಗುರುತಿಸಿದರು, ಗುರುತಿಸಿಯೂ ಏಕೆ ನಂಬದೆ ಹೋದರು ಎಂಬ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ದೃಢವಾಗುತ್ತ ಬಂದ ಸಂಗತಿಯೊಂದುಂಟು: ಕೂಸನ್ನು ಎತ್ತಿ, ಮೀಯಿಸಿ, ಬಟ್ಟೆ ಬದಲಿಸಿ ಮಲಗಿಸುವ ಕೈಗೆ ಈ ಸುದ್ದಿ ಮೊದಲು ತಿಳಿಯಿತು, ಆ ಕೈಯ ಸಾಕ್ಷ್ಯಕ್ಕೆ ಬೆಲೆ ಬಂದದ್ದು ಮಾತ್ರ ಬಹಳ ತಡವಾಗಿ.

ನಮ್ಮ ದೇಶದ ಪ್ರಾಚೀನ ವೈದ್ಯಗ್ರಂಥಗಳು ಈ ವಿಷಯದಲ್ಲಿ ಎಷ್ಟು ಎಚ್ಚರಿಕೆಯಿಂದ ಬರೆದಿವೆಯೆಂಬುದನ್ನು ಮೊದಲು ನೋಡತಕ್ಕದ್ದು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಭಗ್ನಕ್ಕೆಂದೇ ಒಂದು ಅಧ್ಯಾಯವಿದ್ದು, ಅದರಲ್ಲಿ ಕೀಲು ತಪ್ಪುವುದನ್ನು 6 ಬಗೆಯಾಗಿಯೂ ಎಲುಬಿನ ಕಾಂಡ ಮುರಿಯುವುದನ್ನು 12 ಬಗೆಯಾಗಿಯೂ ವಿಂಗಡಿಸಿದೆ. ಚಿಕಿತ್ಸಾಸ್ಥಾನಕ್ಕೆ ಬಂದರೆ, ಅತ್ತಿ, ಅಶ್ವತ್ಥ, ಮುತ್ತುಗ, ಆಲ ಮೊದಲಾದ ಮರಗಳಿಂದಲೂ ಬಿದಿರಿನಿಂದಲೂ ದಬ್ಬೆಗಳನ್ನು ಮಾಡಿ ಕಟ್ಟಬೇಕೆಂದೂ, ಕಟ್ಟು ಸಡಿಲವಾದರೆ ಸಂಧಾನ ನಿಲ್ಲದೆಂದೂ, ಬಿಗಿಯಾದರೆ ಚರ್ಮ ಊದಿ, ನೊಂದು, ಕೀವುಗಟ್ಟುವುದೆಂದೂ, ಆದ್ದರಿಂದ ಚಳಿಗಾಲದಲ್ಲಿ 7 ದಿನಕ್ಕೊಮ್ಮೆಯೂ ಬೇಸಿಗೆಯಲ್ಲಿ 3 ದಿನಕ್ಕೊಮ್ಮೆಯೂ ಬಿಚ್ಚಿ ಕಟ್ಟಬೇಕೆಂದೂ ವಿಧಿಸಿದೆ. ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ ಕೂಡಿಕೊಳ್ಳುವ ಮುರಿತ ನಡುವಯಸ್ಸಿನಲ್ಲಿ ಅದಕ್ಕೆ ಇಮ್ಮಡಿ, ಮುಪ್ಪಿನಲ್ಲಿ ಮುಮ್ಮಡಿ ಕಾಲವನ್ನು ಬೇಡುವುದೆಂಬ ಮಾತೂ ಅಲ್ಲಿಯೇ ಬರುತ್ತದೆ. ಹಸುಗೂಸಿನ ತೊಡೆಯೆಲುಬು 3-4 ವಾರಗಳಲ್ಲಿ ಬೆಸೆದುಕೊಳ್ಳುವುದನ್ನು ಇಂದು ಕ್ಷ-ಕಿರಣದ ಚಿತ್ರಗಳಲ್ಲಿ ಕಾಣುವವರಿಗೆ ಈ ಲೆಕ್ಕ ಗೌರವವನ್ನು ಹುಟ್ಟಿಸದಿರದು.

ಇದಕ್ಕಿಂತಲೂ ಹೆಚ್ಚು ಬೆಲೆಯುಳ್ಳ ಮಾತು ಅದೇ ಗ್ರಂಥದ ಶಾರೀರಸ್ಥಾನದ ಕಡೆಯ ಅಧ್ಯಾಯದಲ್ಲಿದೆ. ಶಿಶುವಿನ ಯಾವ ಅಂಗದಲ್ಲಿ ನೋವಿದೆಯೋ ಆ ಅಂಗವನ್ನು ಅದು ಪದೇ ಪದೇ ಮುಟ್ಟಿಕೊಳ್ಳುವುದು. ಪರರು ಅಲ್ಲಿ ಮುಟ್ಟಿದರೆ ಅಳುವುದು ಎಂದು ಸುಶ್ರುತನು ಹೇಳುತ್ತಾನೆ. ಅವನ ತರುವಾಯದ ವೈದ್ಯಗ್ರಂಥಕಾರನಾದ ವಾಗ್ಭಟನು ಇದೇ ವಿಚಾರವನ್ನು ಎತ್ತಿಕೊಂಡು, ಅಳುವಿನ ತೀವ್ರತೆಯಿಂದ ನೋವಿನ ತೀವ್ರತೆಯನ್ನು ಊಹಿಸಬೇಕೆಂದು ಸೇರಿಸುತ್ತಾನೆ. ನೇಪಾಳದಲ್ಲಿ ದೊರೆತ ತ್ರುಟಿತವಾದ ಹಸ್ತಪ್ರತಿಯ ಆಧಾರದಿಂದ 1938ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯೆಂಬ ಕೌಮಾರಭೃತ್ಯದ, ಎಂದರೆ ಮಕ್ಕಳ ವೈದ್ಯದ, ಗ್ರಂಥದಲ್ಲಂತೂ ವೇದನಾಧ್ಯಾಯವೆಂದು ಒಂದು ಅಧ್ಯಾಯವೇ ಇದೆ. ಮಾತನಾಡಲಾರದ ಮಕ್ಕಳ ವೇದನೆಯನ್ನು ವೈದ್ಯನು ಹೇಗೆ ಅರಿಯಬೇಕೆಂದು ಶಿಷ್ಯನಾದ ವೃದ್ಧಜೀವಕನು ಕೇಳಲು, ಗುರುವಾದ ಕಶ್ಯಪನು ಒಂದೊಂದು ರೋಗಕ್ಕೂ ಒಂದೊಂದು ಚೇಷ್ಟೆಯನ್ನು, ಕಿವಿನೋವಿಗೆ ಕಿವಿ ಮುಟ್ಟಿಕೊಂಡು ತಲೆ ಹೊರಳಿಸುವುದು ಮುಂತಾಗಿ, ಬಿಡಿಬಿಡಿಯಾಗಿ ವಿವರಿಸುತ್ತಾನೆ. ಕೂಸಿನ ಶರೀರವೇ ಅದರ ಮಾತು, ನೋಡಬಲ್ಲವರಿಗೆ ಅದು ಅರ್ಥವಾಗುತ್ತದೆ ಎಂಬ ತತ್ತ್ವ ಇಲ್ಲಿ ನಿಸ್ಸಂದೇಹವಾಗಿ ಸ್ಥಾಪಿತವಾಗಿದೆ. ಎಫೆಸಸ್ ಪಟ್ಟಣದವನಾಗಿ ರೋಮಿನಲ್ಲಿ ವೈದ್ಯವೃತ್ತಿ ನಡೆಸಿದ, ಕ್ರಿಸ್ತಶಕ 2ನೆಯ ಶತಮಾನದ ಸೊರಾನಸನೂ ಸೂಲಗಿತ್ತಿಯರಿಗೆ ಇದನ್ನೇ ಹೋಲುವ ಉಪದೇಶ ಮಾಡಿದ್ದಾನೆ: ಆಗ ತಾನೆ ಹುಟ್ಟಿದ ಕೂಸು ಗಟ್ಟಿಯಾಗಿ ಅಳುವುದೇ, ಅದರ ಕೀಲುಗಳು ಸರಾಗವಾಗಿ ಮಡಿಸಿ ಚಾಚುವುವೇ, ಬೆರಳಿಂದ ಒತ್ತಿದಾಗ ಅದಕ್ಕೆ ಅರಿವಾಗುವುದೇ ಎಂದು ಪರೀಕ್ಷಿಸತಕ್ಕದ್ದು ಸೂಲಗಿತ್ತಿಯ ಕರ್ತವ್ಯ.

ಪುಸ್ತಕಗಳನ್ನು ಬದಿಗಿಟ್ಟು ನಮ್ಮ ನಾಡಿನ ಬಚ್ಚಲುಮನೆಗೆ ಬರೋಣ. ಮಣೆಯ ಮೇಲೆ ಕುಳಿತು ಎರಡು ಕಾಲುಗಳನ್ನೂ ಮುಂದಕ್ಕೆ ಚಾಚಿ, ಆ ಕಾಲುಗಳ ಮೇಲೆ ಕೂಸನ್ನು ಅಂಗಾತ ಮಲಗಿಸಿ, ಎಣ್ಣೆ ಹಚ್ಚಿ, ತೋಳು ತೊಡೆಗಳನ್ನು ನೀವಿ, ಬಳಿಕ ಬೋರಲು ಹಾಕಿ ಬೆನ್ನು ತಿಕ್ಕಿ ನೀರೆರೆಯುವ ಮುದುಕಿಯ ಕೈಗೆ ಆ ಕೂಸಿನ ಒಂದೊಂದು ಗೆಣ್ಣೂ ಪರಿಚಿತವಾಗಿರುತ್ತದೆ. ನಿನ್ನೆ ಎರಡೂ ಕೈಗಳನ್ನು ಬಡಿಯುತ್ತಿದ್ದ ಮಗು ಇಂದು ಒಂದನ್ನೇ ಬಡಿದರೆ ಅದು ಅವಳಿಗೆ ಕೂಡಲೇ ತಿಳಿಯುತ್ತದೆ. “ಕೂಸು ಎಡಗೈ ಎತ್ತಾಕಿಲ್ಲ ಕಣವ್ವಾ” ಎಂದು ಬಾಣಂತಿಗೆ ಹೇಳುವವಳು ಅವಳೇ. ಹೆರಿಗೆ ಕಷ್ಟವಾದಾಗ, ಮಗು ದಪ್ಪನಾಗಿ ಹೆಗಲು ಸಿಕ್ಕಿಕೊಂಡಾಗ, ಕೊರಳೆಲುಬು ಮುರಿಯುವುದುಂಟು. ಹುಟ್ಟುವಾಗ ಆಗುವ ಮುರಿತಗಳಲ್ಲೆಲ್ಲ ಇದೇ ಹೆಚ್ಚು ಸಾಮಾನ್ಯವಾದದ್ದು. ಅನೇಕ ವೇಳೆ ಯಾರ ಗಮನಕ್ಕೂ ಬಾರದೆ ಉಳಿದು, ವಾರ ಹತ್ತು ದಿನ ಕಳೆದ ಮೇಲೆ ಆ ಸ್ಥಳದಲ್ಲಿ ಗೋಲಿಯಷ್ಟು ದಪ್ಪದ ಗಂಟು ಕೈಗೆ ಸಿಕ್ಕಾಗಲೇ ಅದು ತಿಳಿಯುವುದು. ಆ ಗಂಟು ರೋಗವಲ್ಲ, ಎಲುಬು ಕೂಡಿಕೊಂಡುದರ ಗುರುತು. ಇಂಥ ಗಂಟನ್ನು ಮೊದಲು ಮುಟ್ಟಿದವರು ನೀರೆರೆಯುವ ಮುದುಕಿಯರೇ ಎಂದರೆ ತಪ್ಪಾಗಲಾರದು. ಆದರೆ ಅವರ ಅರಿವಿನ ಪಕ್ಕದಲ್ಲಿಯೇ ಅಪಾಯವೂ ಇದ್ದಿತೆಂಬುದನ್ನು ಮರೆಮಾಚಲಾಗದು. ಬಿಡದೆ ಅಳುವ ಕೂಸಿಗೆ ದೃಷ್ಟಿ ತಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಸುಮ್ಮನಾಗುವುದೂ, ಕೈ ಎತ್ತದ ಮಗುವಿಗೆ ಉಳುಕಿದೆಯೆಂದು ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದೂ ವಾಡಿಕೆಯಾಗಿದ್ದು, ಮುರಿದ ಎಲುಬಿನ ಮೇಲೆ ನಡೆದ ಆ ತಿಕ್ಕುವಿಕೆ ಎಷ್ಟು ಮಕ್ಕಳಿಗೆ ಎಷ್ಟು ಯಾತನೆ ಕೊಟ್ಟಿತೋ ಬರೆದಿಟ್ಟವರಿಲ್ಲ. ಕಂಡದ್ದು ಸತ್ಯ, ಕಂಡದ್ದಕ್ಕೆ ಕೊಟ್ಟ ಕಾರಣ ತಪ್ಪು: ಈ ದುರ್ದೈವ ನಮ್ಮ ಹಳ್ಳಿಗಳಿಗೆ ಮಾತ್ರ ಸೀಮಿತವಾದುದಲ್ಲ, ಯೂರೋಪಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿಯೂ ಅದೇ ಕಥೆ ನಡೆಯಿತು.

ಲಂಡನ್ ನಗರದ ಗ್ರೇಟ್ ಆರ್ಮಂಡ್ ಬೀದಿಯಲ್ಲಿ, ಒಂದು ಕಾಲಕ್ಕೆ ರಿಚರ್ಡ್ ಮೀಡ್ ಎಂಬ ಪ್ರಸಿದ್ಧ ವೈದ್ಯನು ವಾಸವಾಗಿದ್ದ ಮನೆಯಲ್ಲಿ, 1852ರ ಫೆಬ್ರವರಿ 14ರಂದು ಕೇವಲ 10 ಹಾಸಿಗೆಗಳೊಡನೆ ಮಕ್ಕಳ ಆಸ್ಪತ್ರೆಯೊಂದು ತೆರೆಯಿತು. ಅದರ ಸ್ಥಾಪಕನಾದ ಚಾರ್ಲ್ಸ್ ವೆಸ್ಟ್ ಎಂಬ ವೈದ್ಯನು, ಮಕ್ಕಳ ಶುಶ್ರೂಷೆ ಹಿರಿಯರ ಶುಶ್ರೂಷೆಯ ಚಿಕ್ಕ ರೂಪವಲ್ಲವೆಂಬುದನ್ನು ಮನಗಂಡು, ಆಸ್ಪತ್ರೆಯ ದಾದಿಯರಿಗಾಗಿಯೇ 1854ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಬರೆದನು. ಕೂಸಿನ ಬಳಿಗೆ ಹಠಾತ್ತಾಗಿ ಹೋಗಿ ಮುಟ್ಟದೆ, ಮೊದಲು ದೂರದಿಂದ ಅದರ ಉಸಿರು, ಮುಖದ ಬಣ್ಣ, ಕೈಕಾಲುಗಳ ಚಲನೆ ಇವನ್ನು ನೋಡಬೇಕೆಂಬುದು ಅವನು ವೈದ್ಯರಿಗೂ ಹೇಳುತ್ತಿದ್ದ ಪಾಠ. ಕ್ರಿಮಿಯಾ ಯುದ್ಧದಿಂದ ಹಿಂದಿರುಗಿದ ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯನ್ನು ಕುರಿತು ಬರೆದ ತನ್ನ ಪ್ರಖ್ಯಾತ ಗ್ರಂಥದಲ್ಲಿ ರೋಗಿಯ ನಿರೀಕ್ಷಣೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಕಣ್ಣಾರೆ ಕಂಡದ್ದನ್ನು ತಪ್ಪಿಲ್ಲದೆ ಹೇಳುವುದು ಸಹ ಕಲಿಯಬೇಕಾದ ವಿದ್ಯೆಯೆಂದು ತೋರಿಸಿದ್ದೂ ಹೆಚ್ಚು ಕಡಮೆ ಅದೇ ಕಾಲದಲ್ಲಿ. ಮುಂದೆ 1888ರಲ್ಲಿ ಅದೇ ಮಕ್ಕಳ ಆಸ್ಪತ್ರೆಯ ಕ್ಯಾಥರೀನ್ ವುಡ್ ಎಂಬ ಮಹಿಳೆ, ಮಕ್ಕಳ ದಾದಿಯರಿಗೆ ಪ್ರತ್ಯೇಕವಾದ ಶಿಕ್ಷಣ ಬೇಕೆಂದು ಲೇಖನವನ್ನೇ ಬರೆದು ವಾದಿಸಿದಳು.

ಆ ಕಾಲದ ದಾದಿಗೆ ಮುರಿತವನ್ನು ಪತ್ತೆಮಾಡುವುದಕ್ಕಿಂತ, ಕಟ್ಟಿದ ಮುರಿತವನ್ನು ಕಾಯುವುದೇ ಹೆಚ್ಚಿನ ಹೊಣೆಯಾಗಿದ್ದಿತು. ಡಚ್ ಸೇನಾವೈದ್ಯನಾದ ಮಾಥಿಸೆನ್ 1852ರಲ್ಲಿ ಪ್ಲಾಸ್ಟರ್ ಸವರಿದ ಬಟ್ಟೆಯ ಪಟ್ಟಿಗಳನ್ನು ಬಳಕೆಗೆ ತಂದ ಮೇಲೆ, ಒಮ್ಮೆ ಗಟ್ಟಿಯಾದ ಕಟ್ಟಿನೊಳಗೆ ಏನು ನಡೆಯುತ್ತಿದೆಯೆಂಬುದು ಕಣ್ಣಿಗೆ ಕಾಣದಂತಾಯಿತು. ಜರ್ಮನಿಯ ರಿಚರ್ಡ್ ಫಾನ್ ಫೋಲ್ಕ್‌ಮಾನ್ 1881ರಲ್ಲಿ, ಬಿಗಿಯಾದ ಕಟ್ಟಿನಿಂದ ರಕ್ತ ಹರಿಯದೆ ಮಾಂಸಖಂಡಗಳು ಸತ್ತು, ಕೈ ಶಾಶ್ವತವಾಗಿ ಮುರುಟಿಹೋಗುವ ಸ್ಥಿತಿಯನ್ನು ವರ್ಣಿಸಿದಾಗ, ಬಿಗಿಗಟ್ಟಿನ ವಿಷಯದಲ್ಲಿ ಸುಶ್ರುತನ ಎಚ್ಚರಿಕೆಯನ್ನು ಹೊಸ ಕಾರಣಗಳೊಡನೆ ಮತ್ತೊಮ್ಮೆ ಹೇಳಿದಂತಾಯಿತು. ದೊಡ್ಡವರಾದರೆ ಬೆರಳು ಜೋಮು ಹಿಡಿಯುತ್ತಿದೆಯೆಂದು ಕೂಗಿ ಹೇಳಿಯಾರು. ಕೂಸಿನ ಪರವಾಗಿ ಅದನ್ನು ಹೇಳಬೇಕಾದವಳು ದಾದಿ. ಕಟ್ಟಿನಿಂದ ಹೊರಗೆ ಇಣುಕುವ ಪುಟ್ಟ ಬೆರಳುಗಳು ಬೆಚ್ಚಗಿವೆಯೋ ತಣ್ಣಗಿವೆಯೋ, ಉಗುರನ್ನು ಒತ್ತಿ ಬಿಟ್ಟರೆ ಬಿಳುಪೇರಿದ್ದು 2 ಸೆಕೆಂಡಿನೊಳಗೆ ಕೆಂಪಾಗುತ್ತದೆಯೋ ಇಲ್ಲವೋ, ಅಂಗಾಲನ್ನು ಸವರಿದರೆ ಬೆರಳು ಆಡುತ್ತವೆಯೋ ಎಂದು ಗಂಟೆಗಂಟೆಗೂ ನೋಡುವ ಪರಿಪಾಠ ಹೀಗೆ ಬೆಳೆಯಿತು.

ಲಂಡನ್ನಿನ ಗೈಸ್ ಆಸ್ಪತ್ರೆಯ ಶಸ್ತ್ರವೈದ್ಯನಾದ ಥಾಮಸ್ ಬ್ರಯಂಟ್ 1870ರ ದಶಕದಲ್ಲಿ ಪ್ರಚಾರಕ್ಕೆ ತಂದ ತೂಗುಕಟ್ಟನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು. ಏಕೆಂದರೆ ಅದು ಹೆಸರಿಗೆ ವೈದ್ಯನದಾದರೂ ಬಾಳಿದ್ದು ದಾದಿಯರ ಕೈಯಲ್ಲಿ. ತೊಡೆಯೆಲುಬು ಮುರಿದ ಕೂಸನ್ನು ಅಂಗಾತ ಮಲಗಿಸಿ, ಎರಡೂ ಕಾಲುಗಳನ್ನು, ನೊಂದದ್ದನ್ನೂ ನೋಯದ್ದನ್ನೂ ಸಮನಾಗಿ, ಪಟ್ಟಿ ಸುತ್ತಿ ನೇರವಾಗಿ ಮೇಲಕ್ಕೆತ್ತಿ, ತೊಟ್ಟಿಲ ಮೇಲಣ ಅಡ್ಡಕೋಲಿಗೆ ರಾಟೆಯ ಮೂಲಕ ತೂಕ ಕಟ್ಟಿ ಎಳೆಯಿಸುತ್ತಿದ್ದರು. ಕೂಸಿನ ಪೃಷ್ಠ ಹಾಸಿಗೆಯಿಂದ ಅಂಗೈ ತೂರುವಷ್ಟು ಮಾತ್ರ ಮೇಲೆದ್ದಿರಬೇಕು. ದಾದಿಯು ತನ್ನ ಅಂಗೈಯನ್ನು ಅಡ್ಡಲಾಗಿ ಆ ಎಡೆಯಲ್ಲಿ ತೂರಿಸಿ ನೋಡಿ, ಸಲೀಸಾಗಿ ಹೋದರೆ ಎಳೆತ ಸರಿಯಿದೆಯೆಂದು ತಿಳಿಯುವಳು. ಮಲಮೂತ್ರಗಳಿಂದ ಕಟ್ಟು ನೆನೆಯದೆ ಇರುವುದೂ, ಬಟ್ಟೆ ಬದಲಿಸುವುದು ಸುಲಭವಾದುದೂ ಈ ಕ್ರಮದ ದೊಡ್ಡ ಉಪಕಾರ. ಆದರೆ ಮೇಲೆತ್ತಿದ ಕಾಲಿಗೆ ರಕ್ತ ಏರುವುದೇ ಕಷ್ಟ. ಮಗು ಬೆಳೆದು ತೂಕವೇರಿದಂತೆಲ್ಲ ಪಾದ ತಣ್ಣಗಾಗಿ ಮಾಂಸ ಸಾಯುವ ಅಪಾಯ ಹೆಚ್ಚೆಂಬುದು ಇಪ್ಪತ್ತನೆಯ ಶತಮಾನದಲ್ಲಿ ಅನುಭವದಿಂದ ಗೊತ್ತಾಗಿ, 2 ವರ್ಷದೊಳಗಿನ ಹಗುರವಾದ ಮಕ್ಕಳಿಗೆ ಮಾತ್ರವೇ ಅದು ಉಳಿಯಿತು. ನೋಯದ ಕಾಲಿಗೂ ಈ ಕೆಡುಕು ತಟ್ಟಬಹುದಾದುದರಿಂದ ಎರಡು ಪಾದಗಳನ್ನೂ ಒಂದೇ ಸಮ ನೋಡತಕ್ಕದ್ದೆಂಬ ವಿಧಿ ಶುಶ್ರೂಷೆಯ ಪಠ್ಯಗಳಲ್ಲಿ ನೆಲೆಗೊಂಡಿತು.

ಇನ್ನು ಕಂಡೂ ನಂಬದ ಕಥೆಗೆ ಬರುತ್ತೇನೆ. ಹತ್ತೊಂಬತ್ತನೆಯ ಶತಮಾನದ ಲಂಡನ್ ಹೊಗೆ ಮುಸುಕಿದ, ಬಿಸಿಲು ಬೀಳದ ಓಣಿಗಳ ಊರಾಗಿದ್ದು, ಅಲ್ಲಿಯ ಬಡಮಕ್ಕಳಲ್ಲಿ ಎಲುಬು ಮೆತ್ತಗಾಗುವ ರಿಕೆಟ್ಸ್ ರೋಗ ಎಲ್ಲೆಲ್ಲಿಯೂ ಹರಡಿದ್ದಿತು. ಫ್ರಾನ್ಸಿಸ್ ಗ್ಲಿಸನ್ 1650ರಲ್ಲಿಯೇ ಆ ರೋಗವನ್ನು ಕುರಿತು ಗ್ರಂಥ ಬರೆದಿದ್ದುದರಿಂದ ವೈದ್ಯರಿಗೆ ಅದು ಚಿರಪರಿಚಿತ. ಪರಿಚಯದ ರೋಗ ಕಣ್ಣಿಗೆ ಕಟ್ಟಿದ ಪಟ್ಟಿಯೂ ಆಗಬಲ್ಲುದು. ಮಕ್ಕಳ ಆಸ್ಪತ್ರೆಯ ಆಥಾಲ್ ಜಾನ್ಸನ್ 1868ರಲ್ಲಿ, ಕೆಲವು ಮಕ್ಕಳಲ್ಲಿ ಮತ್ತೆ ಮತ್ತೆ ಮೂಳೆ ಮುರಿಯುವುದನ್ನು ಗಮನಿಸಿ ಬರೆದನು. ಕಾರಣ ಮಾತ್ರ ಎಲುಬಿನ ದೌರ್ಬಲ್ಯವೆಂದೇ ತೀರ್ಮಾನಿಸಿದನು. ಸ್ಯಾಮ್ಯುಅಲ್ ವೆಸ್ಟ್ ಎಂಬ ವೈದ್ಯನು 1888ರಲ್ಲಿ, ಒಂದೇ ಕುಟುಂಬದ ಹಲವು ಹಸುಗೂಸುಗಳಲ್ಲಿ ಎಲುಬಿನ ಸುತ್ತ ತಟ್ಟನೆ ಬಾವು ಬಂದುದನ್ನು ವರದಿಮಾಡಿ, ಅದೂ ಬಹುಶಃ ರಿಕೆಟ್ಸ್ ಎಂದನು. ಒಂದೇ ಮನೆಯಲ್ಲಿ ಒಂದಾದ ಮೇಲೊಂದು ಮಗುವಿಗೆ ಹೀಗೇಕಾಯಿತೆಂಬ ಪ್ರಶ್ನೆ ಆ ಬರಹದೊಳಗೆ ಕೈ ಎತ್ತಿ ನಿಂತಿದ್ದರೂ ಅದಕ್ಕೆ ಯಾರೂ ಕಿವಿಗೊಡಲಿಲ್ಲವೆಂಬುದನ್ನು ಓದುವಾಗ ಮನಸ್ಸು ಮರುಗುತ್ತದೆ.

ಹಾಗೆಂದು ರೋಗವೆಂದುದೆಲ್ಲ ಸುಳ್ಳಲ್ಲ. ಪ್ಯಾರಿಸಿನಲ್ಲಿ ಅನಾಥಶಿಶುಗಳ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಜೋಸೆಫ್ ಪಾರೋ, ಜನ್ಮತಃ ಬಂದ ಸಿಫಿಲಿಸ್ ರೋಗದಿಂದ ಎಲುಬಿನ ತುದಿ ಬೇರೆಯಾಗಿ, ಪಾರ್ಶ್ವವಾಯು ಬಡಿದಂತೆ ಕೈ ಅಲ್ಲಾಡಿಸದೆ ಮಲಗುವ ಕೂಸುಗಳನ್ನು ವರ್ಣಿಸಿ, ಇದು ನರದ ದೋಷವಲ್ಲ, ನೋವಿನಿಂದ ಬಂದ ನಿಶ್ಚಲತೆ ಎಂದು ತೋರಿಸಿದನು. ಥಾಮಸ್ ಬಾರ್ಲೋ 1883ರಲ್ಲಿ, ತೀವ್ರ ರಿಕೆಟ್ಸ್ ಎಂದು ಹೆಸರಿಟ್ಟಿದ್ದ ಸ್ಥಿತಿಯೊಂದನ್ನು ಕೂಲಂಕಷವಾಗಿ ಶೋಧಿಸಿ, ಅದು ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿಯೇ ಎಂದು ಸಿದ್ಧಮಾಡಿ ತೋರಿಸಿದನು. ಡಬ್ಬಿಯ ಹಾಲು, ಡಬ್ಬಿಯ ಹಿಟ್ಟುಗಳಲ್ಲಿ ಬೆಳೆದ ಆ ಕೂಸುಗಳು ಕಪ್ಪೆಯಂತೆ ತೊಡೆಗಳನ್ನು ಅಗಲಿಸಿ ಮಲಗಿ, ಯಾರಾದರೂ ತೊಟ್ಟಿಲ ಹತ್ತಿರ ಬಂದರೇ ಮುಟ್ಟಿಯಾರೆಂಬ ಭಯದಿಂದ ಚೀರುತ್ತಿದ್ದುವು. ಮುಂದೆ ಮೊದಲ ಮಹಾಯುದ್ಧ ಮುಗಿದ ಬಳಿಕ ಹಸಿದ ವಿಯೆನ್ನಾ ನಗರದಲ್ಲಿ ಹ್ಯಾರಿಯೆಟ್ ಚಿಕ್ ಮತ್ತವಳ ಜೊತೆಗಾರ್ತಿಯರು ಮೀನೆಣ್ಣೆಯಿಂದಲೂ ಬಿಸಿಲಿನಿಂದಲೂ ರಿಕೆಟ್ಸ್ ಗುಣವಾಗುವುದನ್ನು ತೋರಿಸಿದರು. ಅಲ್ಲಾಡದ ಅಂಗ ಮುರಿತವನ್ನು ಮಾತ್ರವಲ್ಲದೆ ಇನ್ನೆಷ್ಟೋ ಸಂಗತಿಗಳನ್ನು ಹೇಳುತ್ತಿರಬಹುದೆಂಬ ವಿವೇಕ ಹೀಗೆ ಬಂದಿತು. ಹೆರಿಗೆಯಲ್ಲಿ ಕತ್ತಿನ ನರ ಜಗ್ಗಿ ತೋಳು ಜೋತುಬೀಳುವುದೂ ಉಂಟಲ್ಲವೇ! ಅರ್ನ್‌ಸ್ಟ್ ಮೋರೋ 1918ರಲ್ಲಿ ವರ್ಣಿಸಿದ, ತಟಕ್ಕನೆ ಬೆಚ್ಚಿದ ಕೂಸು ಎರಡೂ ತೋಳುಗಳನ್ನು ಚಾಚಿ ಅಪ್ಪಿಕೊಳ್ಳುವಂತೆ ಮಾಡುವ ಸಹಜಕ್ರಿಯೆಯಲ್ಲಿ ಒಂದು ತೋಳು ಹಿಂದುಳಿದರೆ, ಅದು ಮುರಿತವಿರಬಹುದು, ನರದ ಏಟೂ ಇರಬಹುದು. ಆ ತೋಳನ್ನು ಮೆಲ್ಲನೆ ಆಡಿಸಿದಾಗ ಕೂಸು ಅತ್ತರೆ ಶಂಕೆ ಮುರಿತದ ಕಡೆಗೆ ವಾಲುತ್ತದೆ.

ರೋಗವೂ ಅಲ್ಲದ, ಹೆರಿಗೆಯ ಏಟೂ ಅಲ್ಲದ ಮುರಿತಗಳ ಮಾತನ್ನು ಮೊದಲು ಧೈರ್ಯವಾಗಿ ಆಡಿದವನು ಪ್ಯಾರಿಸಿನ ನ್ಯಾಯವೈದ್ಯ ಅಂಬ್ರಾಸ್ ತಾರ್ದ್ಯೂ. ಆತನು 1860ರಲ್ಲಿ, ಮನೆಯವರಿಂದಲೂ ಪೋಷಕರಿಂದಲೂ ಕ್ರೂರವಾಗಿ ಹಿಂಸೆಗೊಳಗಾದ 32 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದನು. ಅವರಲ್ಲಿ 18 ಮಕ್ಕಳು ಸತ್ತಿದ್ದರು. ಲೋಕ ಅದನ್ನು ಓದಿ ಮರೆಯಿತು. ರಂಟ್‌ಗೆನ್ 1895ರಲ್ಲಿ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೂ ಅರ್ಧ ಶತಮಾನ ಕಳೆಯಬೇಕಾಯಿತು. ನ್ಯೂಯಾರ್ಕಿನ ಶಿಶು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯನಾಗಿದ್ದು ಬಳಿಕ ಕ್ಷ-ಕಿರಣ ಶಾಸ್ತ್ರಕ್ಕೆ ತಿರುಗಿದ ಜಾನ್ ಕ್ಯಾಫಿ 1946ರಲ್ಲಿ, ತಲೆಬುರುಡೆಯೊಳಗೆ ರಕ್ತ ಶೇಖರವಾಗಿದ್ದ 6 ಹಸುಗೂಸುಗಳ ಉದ್ದೆಲುಬುಗಳಲ್ಲಿ ಒಟ್ಟು 23 ಮುರಿತಗಳನ್ನು ತೋರಿಸಿ, ಅವನ್ನು ವಿವರಿಸಬಲ್ಲ ಏಟಿನ ವೃತ್ತಾಂತ ಒಂದರಲ್ಲಿಯೂ ದೊರೆಯಲಿಲ್ಲವೆಂದು ಬರೆದನು. ಫ್ರೆಡರಿಕ್ ಸಿಲ್ವರ್‌ಮನ್ 1953ರಲ್ಲಿ, ಇಂಥ ಮುರಿತಗಳಿಗೆ ಯಾರ ಗಮನಕ್ಕೂ ಬಾರದ ಏಟೇ ಕಾರಣವೆಂದು ಸ್ಪಷ್ಟಪಡಿಸಿದನು. ಕಡೆಗೆ 1962ರ ಜುಲೈ ತಿಂಗಳಲ್ಲಿ, ಡೆನ್ವರ್ ನಗರದ ಹೆನ್ರಿ ಕೆಂಪ್ ಮತ್ತು ಸಂಗಡಿಗರ ಲೇಖನ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಹೊರಬಿತ್ತು. ಮಕ್ಕಳನ್ನು ಹೊಡೆದು ಹಿಂಸಿಸಿದ, ದೇಶದ 71 ಆಸ್ಪತ್ರೆಗಳಿಂದ ಕಲೆಹಾಕಿದ 302 ಪ್ರಕರಣಗಳಲ್ಲಿ 33 ಮಕ್ಕಳು ಸತ್ತು, 85 ಮಕ್ಕಳ ಮಿದುಳಿಗೆ ಶಾಶ್ವತ ಹಾನಿಯಾಗಿದ್ದಿತು. ಹೆತ್ತವರು ಹೀಗೆ ಮಾಡಿಯಾರೆಂದು ನಂಬಲು ವೈದ್ಯರ ಮನಸ್ಸು ಒಪ್ಪದಿರುವುದೇ ಈ ಹಿಂಸೆಯನ್ನು ಮರೆಮಾಡಿದೆಯೆಂದು ಅವರು ಬಿಚ್ಚಿ ಹೇಳಿದರು. ಅದರಿಂದ ಎದ್ದ ಸಂಚಲನದ ಫಲವಾಗಿ 1967ರ ಹೊತ್ತಿಗೆ ಅಮೆರಿಕದ ಎಲ್ಲ ಸಂಸ್ಥಾನಗಳಲ್ಲಿಯೂ, ಮಗುವಿನ ಮೇಲೆ ಹಿಂಸೆ ನಡೆದಿದೆಯೆಂಬ ಶಂಕೆ ಬಂದರೆ ವರದಿ ಮಾಡಬೇಕೆಂಬ ಶಾಸನಗಳಾದುವು. ಮೊದಲು ವೈದ್ಯರನ್ನೇ ಉದ್ದೇಶಿಸಿದ್ದ ಆ ಹೊಣೆ ಬರಬರುತ್ತ ದಾದಿಯರಿಗೂ ಉಪಾಧ್ಯಾಯರಿಗೂ ವಿಸ್ತರಿಸಿತು.

ಇಲ್ಲಿಂದ ಮುಂದೆ ದಾದಿಯ ನಿರೀಕ್ಷಣೆಗೆ ಕಾನೂನಿನ ತೂಕವೇ ಬಂದಿತೆನ್ನಬೇಕು. ಕ್ಷ-ಕಿರಣ ಎಲುಬಿನ ಚಿತ್ರವನ್ನು ಕೊಟ್ಟೀತೇ ಹೊರತು ಅದು ಮುರಿದ ಬಗೆಯನ್ನು ಕುರಿತು ಮನೆಯವರು ಆಡುವ ಮಾತನ್ನು ಕೇಳಲಾರದು. ಇನ್ನೂ ಮಗುಚಿಕೊಳ್ಳಲು ಬಾರದ 2 ತಿಂಗಳ ಕೂಸು ತಾನಾಗಿಯೇ ಉರುಳಿ ಮಂಚದಿಂದ ಬಿದ್ದಿತೆಂದರೆ ಆ ಮಾತಿಗೂ ಕೂಸಿನ ವಯಸ್ಸಿಗೂ ಹೊಂದಿಕೆಯಿಲ್ಲ. ಬೆಳಿಗ್ಗೆ ಹೇಳಿದ್ದು ಸಂಜೆಗೆ ಬದಲಾದರೆ, ಮುರಿದು ಮೂರು ದಿನವಾದ ಮೇಲೆ ಆಸ್ಪತ್ರೆಗೆ ತಂದಿದ್ದರೆ, ಹೊಸ ಮುರಿತದ ಪಕ್ಕದಲ್ಲಿ ಹಳೆಯದೊಂದು ಕೂಡಿಕೊಳ್ಳುತ್ತಿದ್ದರೆ, ಅದನ್ನೆಲ್ಲ ಬರೆದಿಡುವವಳು ಹಗಲೂ ರಾತ್ರಿಯೂ ವಾರ್ಡಿನಲ್ಲಿರುವ ದಾದಿ. ಆದರೆ ಶಂಕಿಸುವುದೇ ಜಾಣತನವೆಂದು ತಿಳಿಯಬಾರದು. ಆಮ್‌ಸ್ಟರ್‌ಡ್ಯಾಮಿನ ವಿಲೆಮ್ ಫ್ರೋಲಿಕ್ 1849ರಲ್ಲಿ ವರ್ಣಿಸಿದ, ಆಸ್ಟ್ರೇಲಿಯದ ಡೇವಿಡ್ ಸಿಲೆನ್ಸ್ 1979ರಲ್ಲಿ ವರ್ಗೀಕರಿಸಿದ, ಹುಟ್ಟಿನಿಂದಲೇ ಎಲುಬು ಗಾಜಿನಂತೆ ಪೆಡಸಾಗಿರುವ ಕಾಯಿಲೆಯಿದ್ದರೆ, ಅತ್ಯಂತ ಪ್ರೀತಿಯ ತಾಯಿ ಬಟ್ಟೆ ಬದಲಿಸುವಾಗಲೂ ಎಲುಬು ಮುರಿದೀತು. ಅಂಥ ಕೆಲವು ಮಕ್ಕಳ ಕಣ್ಣಿನ ಬಿಳಿಭಾಗದಲ್ಲಿ ನೀಲಿಯ ಛಾಯೆ ಇರುತ್ತದೆ. ಇಂಥ ಕೂಸನ್ನು ಕಣಕಾಲು ಹಿಡಿದು ಮೇಲಕ್ಕೆತ್ತದೆ ಪೃಷ್ಠದ ಕೆಳಗೆ ಅಂಗೈ ಕೊಟ್ಟು ಎತ್ತುವುದನ್ನು ತಾಯಿಗೆ ಕಲಿಸುವವಳೂ ದಾದಿಯೇ. ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಎಲುಬಿನಲ್ಲಿ ಸುಣ್ಣದಂಶ ಸಾಲದಿರುವುದೂ ಉಂಟು. ನಿರಪರಾಧಿಯಾದ ತಾಯಿಯ ಮೇಲೆ ಕಳಂಕ ಹೊರಿಸುವುದು ಕೂಸನ್ನು ರಕ್ಷಿಸದಿರುವಷ್ಟೇ ಘೋರವಾದ ತಪ್ಪೆಂದು ನಾನು ಎಣಿಸುತ್ತೇನೆ. ಆದುದರಿಂದ ದಾದಿ ಬರೆಯತಕ್ಕದ್ದು ಕಂಡದ್ದನ್ನು ಮತ್ತು ಕೇಳಿದ್ದನ್ನು, ತೀರ್ಪನ್ನಲ್ಲ.

ಇಷ್ಟು ಕಾಲದ ಅನುಭವ ಒಟ್ಟುಗೂಡಿ ಇಂದಿನ ವಾರ್ಡಿನಲ್ಲಿ ಹೇಗೆ ಕೆಲಸ ಮಾಡುತ್ತಿದೆಯೆಂಬುದನ್ನು, ಪಳಗಿದ ದಾದಿಯೊಬ್ಬಳು ಕೂಸನ್ನು ಪರೀಕ್ಷಿಸುವುದನ್ನು ನೋಡಿದವರು ಬಲ್ಲರು. ಅವಳು ಮಗುವನ್ನು ತಾಯಿಯ ಮಡಿಲಿಂದ ಕಿತ್ತುಕೊಳ್ಳಳು. ಬಾಗಿಲ ಬಳಿಯೇ ಕ್ಷಣಕಾಲ ನಿಂತು, ಯಾವ ಕೈ ಆಡುತ್ತಿದೆ, ಯಾವುದು ಆಡುತ್ತಿಲ್ಲ, ಯಾವ ಕಾಲನ್ನು ಮಗು ಮಡಚಿಕೊಂಡೇ ಇದೆ ಎಂದು ನೋಡುತ್ತಾಳೆ. ತಾಯಿಯೊಡನೆ ಮಾತನಾಡುತ್ತಲೇ ತನ್ನ ಕೈಗಳನ್ನು ತಿಕ್ಕಿ ಬೆಚ್ಚಗೆ ಮಾಡಿಕೊಳ್ಳುತ್ತಾಳೆ. ಬಟ್ಟೆಯನ್ನು ನೋಯದ ಕಡೆಯಿಂದ ಬಿಚ್ಚಿ, ನೋಯುವ ಕಡೆಯನ್ನು ಕಡೆಗಿಟ್ಟುಕೊಳ್ಳುತ್ತಾಳೆ. ತಲೆಯಿಂದ ಕಾಲಿನವರೆಗೆ, ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ಬೆನ್ನಿನಲ್ಲಿ ಕಂದಿದ ಕಲೆಗಳಿವೆಯೇ ಎಂದು ನೋಡಿ, ಎರಡು ತೊಡೆಗಳ ಸುತ್ತಳತೆಯನ್ನು ಟೇಪಿನಿಂದ ಅಳೆದು ಹೋಲಿಸುತ್ತಾಳೆ. ಶಂಕಿತ ಸ್ಥಳವನ್ನು ಮುಟ್ಟುವಾಗ ಅವಳ ಕಣ್ಣು ಕೈಯ ಮೇಲಿರದೆ ಕೂಸಿನ ಮುಖದ ಮೇಲಿರುತ್ತದೆ. ಹುಬ್ಬು ಗಂಟಿಕ್ಕಿದ ಕ್ಷಣದಲ್ಲಿ ಬೆರಳು ನಿಲ್ಲುತ್ತದೆ. ಸುಶ್ರುತನು ಹೇಳಿದ ಲಕ್ಷಣವನ್ನೇ ಇವಳೂ ಹುಡುಕುತ್ತಿರುವಳು.

ನೋವಿನ ವಿಷಯವನ್ನು ಹೇಳದೆ ಈ ಬರಹ ಪೂರ್ತಿಯಾಗದು. ಹಸುಗೂಸಿನ ನರಮಂಡಲ ಪೂರ್ತಿ ಬೆಳೆದಿಲ್ಲವಾದ್ದರಿಂದ ಅದಕ್ಕೆ ನೋವು ಅಷ್ಟಾಗಿ ತಾಗದೆಂಬ ವಿಪರೀತವಾದ ನಂಬಿಕೆ ಇಪ್ಪತ್ತನೆಯ ಶತಮಾನದ ಬಹುಭಾಗ ವೈದ್ಯರಲ್ಲಿ ನೆಲೆಸಿದ್ದು, 1980ರ ದಶಕದವರೆಗೂ ಅನೇಕ ಶಿಶುಗಳಿಗೆ ತಕ್ಕಷ್ಟು ಅರಿವಳಿಕೆಯಿಲ್ಲದೆಯೇ ಶಸ್ತ್ರಚಿಕಿತ್ಸೆಗಳು ನಡೆದುವು. ಭಾರತದಲ್ಲಿ ವೈದ್ಯವಿದ್ಯೆ ಕಲಿತು ಆಕ್ಸ್‌ಫರ್ಡಿಗೆ ಹೋದ ಕೆ. ಜೆ. ಎಸ್. ಆನಂದ್ ಅವರು, ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಶಸ್ತ್ರಚಿಕಿತ್ಸೆಯಲ್ಲಿ ನೋವು ನಿವಾರಕ ಕೊಟ್ಟವರಿಗಿಂತ ಕೊಡದವರಲ್ಲಿ ಶರೀರದ ತಲ್ಲಣವೂ ಬಳಿಕದ ತೊಂದರೆಗಳೂ ಹೆಚ್ಚೆಂಬುದನ್ನು 1987ರಲ್ಲಿ ಪ್ರಕಟಿಸಿದ ಮೇಲೆಯೇ ಆ ನಂಬಿಕೆಯ ಬುಡ ಅಲ್ಲಾಡಿತು. ಕೂಸನ್ನು ರಾತ್ರಿಯಿಡೀ ಎತ್ತಿ ತಿರುಗಿದ ಯಾವ ದಾದಿಯೂ ಅದನ್ನು ನಂಬಿದ್ದಿರಲಾರಳು! ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಮಕ್ಕಳ ಆಸ್ಪತ್ರೆಯಲ್ಲಿ ಸಾಂಡ್ರಾ ಮೆರ್ಕೆಲ್, ಟೆರಿ ವೊಪೆಲ್ ಲೂಯಿಸ್ ಎಂಬ ದಾದಿಯರು ಸಂಗಡಿಗರೊಡನೆ 1997ರಲ್ಲಿ ಒಂದು ಮಾಪನವನ್ನು ಪ್ರಕಟಿಸಿದರು. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನಕ್ಕೆ ಒಗ್ಗುವಿಕೆ ಎಂಬ ಐದು ಸಂಗತಿಗಳಲ್ಲಿ ಒಂದೊಂದಕ್ಕೆ ಸೊನ್ನೆಯಿಂದ 2ರವರೆಗೆ ಅಂಕ ಕೊಟ್ಟು, ಒಟ್ಟು 10ಕ್ಕೆ ಎಷ್ಟಾಯಿತೆಂದು ನೋಡುವ ಈ ಕ್ರಮ 2 ತಿಂಗಳ ಕೂಸಿನಿಂದ ಮೊದಲ್ಗೊಂಡು ಬಳಕೆಯಲ್ಲಿದ್ದು, ಫ್ಲಾಕ್ ಎಂಬ ಹೆಸರಿನಿಂದ ಇಂದು ಅನೇಕ ದೇಶಗಳ ಮಕ್ಕಳ ವಾರ್ಡುಗಳಲ್ಲಿ ಪ್ರಚಾರದಲ್ಲಿದೆ. ದಾದಿಯರು ಕಣ್ಣಿಂದ ಕಂಡು ಬಾಯಿಂದ ಹೇಳುತ್ತಿದ್ದುದು ಹೀಗೆ ಅಂಕಿಯಾಗಿ ಕೇಸ್‌ಶೀಟಿಗೆ ಏರಿದ್ದರಿಂದ, ಔಷಧವನ್ನು ಬರೆಯುವ ವೈದ್ಯನು ಅದನ್ನು ಕಡೆಗಣಿಸುವುದು ಕಷ್ಟವಾಯಿತು.

ಈ ಬರಹ ತಾಯಂದಿರ ಕೈಗೂ ಬೀಳಬಹುದಾದುದರಿಂದ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಕೂಸು ಒಂದು ಕೈಯನ್ನೋ ಕಾಲನ್ನೋ ಆಡಿಸದೆ ಇದ್ದರೆ, ಬಟ್ಟೆ ಬದಲಿಸುವಾಗ ಮಾತ್ರ ಕಿರಿಚಿದರೆ, ನಿಮ್ಮ ಕೈಗೆ ಎಲ್ಲಿಯಾದರೂ ಬಾವೋ ಗಂಟೋ ಹತ್ತಿದರೆ, ಅದನ್ನು ತಿಕ್ಕಬೇಡಿ, ಎಳೆದು ನೋಡಬೇಡಿ, ಉಳುಕು ತೆಗೆಸಬೇಡಿ. ಆ ಅಂಗ ಅಲುಗದಂತೆ ಮೆತ್ತನೆಯ ಬಟ್ಟೆಯನ್ನು ಒತ್ತುಕೊಟ್ಟು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ನೀರೆರೆಯುವ ಅಜ್ಜಿ ಏನು ಕಂಡಳೆಂಬುದನ್ನೂ ವೈದ್ಯರಿಗೆ ತಪ್ಪದೆ ಹೇಳಿರಿ. ಶುಶ್ರೂಷೆಯ ವೃತ್ತಿಯಲ್ಲಿರುವ ಸೋದರಿಯರೇ, ನೀವು ಕಂಡದ್ದನ್ನು ಕಂಡ ವೇಳೆಯೊಡನೆ, ಮನೆಯವರು ಆಡಿದ ಮಾತನ್ನು ಅವರ ಮಾತಿನಲ್ಲಿಯೇ ಕೇಸ್‌ಶೀಟಿನಲ್ಲಿ ಬರೆಯಿರಿ; ವೈದ್ಯರು ಅದನ್ನು ಓದುವ ತನಕ ಅವರನ್ನು ಬಿಡಬೇಡಿರಿ.